ಗುಡ್ಡೆಯ ಗೇರನ್ನು ಕಡಿದು ಹರಳು ಹಾಕಬೇಕೆ?

ಬಿ.ಸಿ.ರೋಡ್ ಎಂಬುದು ಬಂಟವಾಳ ಕ್ರಾಸ್ ರೋಡ್ ಎಂಬ ಹೆಸರಿನ ಸಂಕ್ಷೇಪವೆಂದು ಈ ಸೀಮೆಯವರೆಲ್ಲರೂ ಬಲ್ಲರಷ್ಟೆ. ಹೆಸರಿಗೆ ತಕ್ಕಂತೆ ಅದು ದಾರಿಗಳು ಕೂಡುವ ಸ್ಥಳ. ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯ ಭೂಮಾಲಿಕರು ಕಚೇರಿಯ ಕೆಲಸಕ್ಕೋ, ಅಡಿಕೆಯ ಮಾರಾಟಕ್ಕೋ, ಬಸ್ಸು ಬದಲಿಸುವುದಕ್ಕೋ ಅಲ್ಲಿ ಇಳಿದಾಗ, ಯಾವ ಊರಿನಲ್ಲಿ ಯಾವ ಹೊಸ ಬೆಳೆ ಎಷ್ಟು ಹಣ ತಂದಿತೆಂಬ ವರ್ತಮಾನವನ್ನು ಕೇಳಿಕೊಂಡೇ ಮನೆಗೆ ಹಿಂದಿರುಗುವುದು ವಾಡಿಕೆ. ಇಂತಹ ವರ್ತಮಾನಗಳಲ್ಲಿ ಕೆಲವು ಉಪಯುಕ್ತವಾದವು. ಕೆಲವು ಇರುವ ತೋಟವನ್ನೇ ನುಂಗತಕ್ಕವು. ೨೦೦೩ನೆಯ ಇಸವಿಯ ಸುಮಾರಿಗೆ ವೆನಿಲ್ಲಾ ಕೋಡಿನ ಬೆಲೆ ಆಕಾಶಕ್ಕೇರಿದಾಗ, ಬಳ್ಳಿಯ ತುಂಡಿಗೆ ಕೇಳಿದಷ್ಟು ಹಣ ಕೊಟ್ಟು ನೆಟ್ಟವರು ಈ ಜಿಲ್ಲೆಯಲ್ಲಿ ಎಷ್ಟೋ ಮಂದಿ. ಬಳ್ಳಿ ಹೂ ಬಿಡುವ ಹೊತ್ತಿಗೆ ಬೆಲೆ ಕುಸಿದುಹೋದುದು ಮರೆಯತಕ್ಕ ಮಾತಲ್ಲ.

ಹರಳಿನ ವಿಷಯದಲ್ಲಿಯೂ ಅಂತಹುದೇ ಒಂದು ತರ್ಕ ತಲೆಯೆತ್ತುವುದುಂಟು. ಹರಳೆಣ್ಣೆಯಿಂದ ತೆಗೆಯುವ ಒಂದು ಆಮ್ಲವನ್ನು ದೇಶವಿದೇಶಗಳ ಪ್ರಯೋಗಶಾಲೆಗಳವರು ಮಿಲಿಗ್ರಾಮಿನ ಲೆಕ್ಕದಲ್ಲಿ, ಸಣ್ಣ ಸಣ್ಣ ಗಾಜಿನ ಶೀಸೆಗಳಲ್ಲಿ, ಭಾರಿ ಬೆಲೆ ತೆತ್ತು ಕೊಳ್ಳುತ್ತಾರೆ. ಇದು ನಿಜವಾದ ಸಂಗತಿ. ಆದಕಾರಣ ಕುಮ್ಕಿಯ ಗುಡ್ಡೆಯಲ್ಲಿರುವ ಹಳೆಯ ಗೇರುಮರಗಳನ್ನು ಕಡಿಸಿ ಹರಳು ಬಿತ್ತಿದರೆ ಹಣವೇ ಹಣವೆಂದು ವಾದಿಸುವವರಿದ್ದಾರೆ. ಮೊದಲನೆಯ ಮಾತು ಸತ್ಯವಾದರೂ ಎರಡನೆಯದು ಅದರಿಂದ ಹೊರಡುವುದಿಲ್ಲವೆಂಬುದನ್ನು ಗ್ರಾಮದ ಮುಖ್ಯಸ್ಥರ ಗಮನಕ್ಕೆ ತರುವುದು ಅವಶ್ಯವಾಗಿದೆ. ಊರಿನಲ್ಲಿ ಒಬ್ಬ ಹಿರಿಯ ಹಿಡುವಳಿದಾರನು ಕೊಡಲಿ ಎತ್ತಿದರೆ ಸುತ್ತಲಿನ ಹತ್ತು ಮಂದಿ ಸಣ್ಣ ಹಿಡುವಳಿಯವರು ಅವನನ್ನು ನೋಡಿ ಎತ್ತುವರು.

ಈ ಆಮ್ಲವೆಂದರೇನೆಂಬುದನ್ನು ಮೊದಲು ತಿಳಿಯಬೇಕು. ತೆಂಗಿನದಾಗಲಿ, ಎಳ್ಳಿನದಾಗಲಿ, ಹೊಂಗೆಯದಾಗಲಿ, ಎಣ್ಣೆಯೆಂಬುದು ಬಹುಮಟ್ಟಿಗೆ ಗ್ಲಿಸರಿನ್ ಎಂಬ ಪದಾರ್ಥಕ್ಕೆ ಮೂರು ಮೂರು ಕೊಬ್ಬಿನ ಆಮ್ಲಗಳು ಅಂಟಿಕೊಂಡು ಆದದ್ದು. ಕೊಬ್ಬಿನ ಆಮ್ಲದಲ್ಲಿ ಇಂಗಾಲದ ಪರಮಾಣುಗಳು ಸರದ ಮಣಿಗಳಂತೆ ಸಾಲಾಗಿ ಕೂಡಿರುತ್ತವೆ. ಸರದ ಒಂದು ತುದಿಯಲ್ಲಿ ಮಾತ್ರ ಆಮ್ಲದ ಗುಣವಿರುವುದು. ತೆಂಗಿನೆಣ್ಣೆಯಲ್ಲಿ ಸುಮಾರು ಅರ್ಧ ಪಾಲು ೧೨ ಮಣಿಗಳ ಲಾರಿಕ್ ಆಮ್ಲ. ಹರಳೆಣ್ಣೆಯಲ್ಲಿರುವ ಮುಖ್ಯ ಆಮ್ಲಕ್ಕೆ ೧೮ ಮಣಿಗಳು. ಆದರೆ ಅದರ ವಿಶೇಷವು ಉದ್ದದಲ್ಲಿಲ್ಲ. ಅದರ ೧೨ನೆಯ ಮಣಿಗೆ ಆಮ್ಲಜನಕ ಜಲಜನಕಗಳ ಒಂದು ಜೋಡಿ ಪಕ್ಕದಿಂದ ಬಂದು ತಗುಲಿಕೊಂಡಿದೆ. ಈ ಜೋಡಿಗೆ ಹೈಡ್ರಾಕ್ಸಿಲ್ ಎಂದೂ, ಇದನ್ನು ಹೊತ್ತ ಕೊಬ್ಬಿನ ಆಮ್ಲಗಳಿಗೆ ಹೈಡ್ರಾಕ್ಸಿ ಆಮ್ಲಗಳೆಂದೂ ರಸಾಯನಶಾಸ್ತ್ರಜ್ಞರು ಹೆಸರಿಟ್ಟಿದ್ದಾರೆ. ಹರಳಿನದಕ್ಕೆ ರಿಸಿನೋಲಿಕ್ ಆಮ್ಲವೆಂದು ಹೆಸರು. ಹರಳೆಣ್ಣೆಯ ಆಮ್ಲಗಳಲ್ಲಿ ನೂರಕ್ಕೆ ೮೫ರಿಂದ ೯೦ ಪಾಲು ಇದೊಂದೇ. ಅಡುಗೆಗೆ ಬಳಸುವ ಎಣ್ಣೆಗಳಲ್ಲಿ ಇದು ಇಲ್ಲವೆಂದೇ ಹೇಳಬಹುದು.

ಒಂದು ಜೋಡಿ ಪರಮಾಣುಗಳಿಂದ ಏನು ವ್ಯತ್ಯಾಸವಾದೀತೆಂದು ಕೇಳುವವರು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ತೆಂಗಿನೆಣ್ಣೆಯನ್ನು ಸ್ಪಿರಿಟ್ಟಿಗೆ ಹಾಕಿದರೆ ಬೇರೆಯಾಗಿ ನಿಲ್ಲುತ್ತದೆ, ಹರಳೆಣ್ಣೆ ಕರಗಿಹೋಗುತ್ತದೆ. ಬೇರೆ ಎಣ್ಣೆಗಳು ತೆಳ್ಳಗೆ ಹರಿಯುವಲ್ಲಿ ಇದು ಜೇನಿನಂತೆ ಇಳಿಯುತ್ತದೆ. ಗಾಡಿಯ ಅಚ್ಚಿಗೆ ಹಿರಿಯರು ಹರಳೆಣ್ಣೆಯನ್ನೇ ಹುಡುಕಿ ಹಾಕುತ್ತಿದ್ದುದು ಈ ಗುಣಕ್ಕಾಗಿ. ಮೊದಲನೆಯ ಮಹಾಯುದ್ಧದ ವಿಮಾನಗಳ ಯಂತ್ರಗಳಿಗೂ ಅದನ್ನೇ ಹಾಕಿದರು. ೧೯೦೯ರಲ್ಲಿ ಇಂಗ್ಲೆಂಡಿನಲ್ಲಿ ಹೊರಟ ಕ್ಯಾಸ್ಟ್ರಾಲ್ ಎಂಬ ಯಂತ್ರದ ಎಣ್ಣೆಯ ಹೆಸರೇ ಹರಳಿನ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಗಂಧಕಾಮ್ಲದೊಡನೆ ಕೂಡಿಸಿದರೆ ಬಟ್ಟೆಗೆ ಬಣ್ಣ ಹಾಕುವವರ ಟರ್ಕಿ ರೆಡ್ ಎಣ್ಣೆಯಾಗುತ್ತದೆ. ಬಲವಾಗಿ ಕಾಯಿಸಿ ಒಡೆದರೆ ಬರುವ ಒಂದು ಆಮ್ಲದಿಂದ ನೈಲಾನಿನ ಒಂದು ಜಾತಿಯನ್ನು ತಯಾರಿಸುತ್ತಾರೆ. ಜಲಜನಕವನ್ನು ಸೇರಿಸಿದರೆ ಮೇಣದಂತೆ ಗಟ್ಟಿಯಾದ ಇನ್ನೊಂದು ಹೈಡ್ರಾಕ್ಸಿ ಆಮ್ಲ ಸಿಕ್ಕುತ್ತದೆ, ಬಿ.ಸಿ.ರೋಡಿನ ಗ್ಯಾರೇಜುಗಳಲ್ಲಿ ಲಾರಿಯ ಚಕ್ರಗಳಿಗೆ ತುಂಬುವ ಲಿಥಿಯಂ ಗ್ರೀಸಿನ ಬಹುಪಾಲಿಗೆ ಅದೇ ಮೂಲದ್ರವ್ಯ.

ಈ ಜಾತಿಯ ಆಮ್ಲಗಳು ಹರಳಿನಲ್ಲಿ ಮಾತ್ರ ಇವೆಯೆಂದು ಭಾವಿಸಬಾರದು. ಅಡಿಕೆಯ ಎಳೆಗಾಯಿಯ ಮೇಲೆ ಹೊಳೆಯುವ ತೆಳುವಾದ ಹೊರಪದರವಿದೆಯಷ್ಟೆ; ಗಿಡಮರಗಳ ಎಲೆಕಾಯಿಗಳ ಮೇಲಿರುವ ಇಂತಹ ಪದರದ ಹೆಣಿಗೆಗೆ ಕ್ಯೂಟಿನ್ ಎಂದು ಹೆಸರು. ಕ್ಯೂಟಿನ್ ಎಂಬುದು ಹೈಡ್ರಾಕ್ಸಿ ಆಮ್ಲಗಳೇ ಒಂದಕ್ಕೊಂದು ಕೈಹಿಡಿದು ನೇಯ್ದ ಬಲೆ. ಅದರ ಮೇಲೆ ಮೇಣ ಲೇಪಿಸಿದಂತಿರುತ್ತದೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಉರುಳುವುದೂ, ಬೇಸಗೆಯಲ್ಲಿ ಎಲೆಯ ಪಸೆ ಆರದಿರುವುದೂ ಈ ಹೊದಿಕೆಯಿಂದ. ಅನೇಕ ಬೂಷ್ಟುಗಳು ಈ ಬಲೆಯನ್ನು ಕತ್ತರಿಸತಕ್ಕ ಒಂದು ಕಿಣ್ವವನ್ನು ಸ್ರವಿಸಿ ಗಿಡದೊಳಗೆ ನುಗ್ಗುವುವೆಂಬುದನ್ನು ಕೇರಳದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸಮಾಡಿದ ಕೊಲತ್ತುಕುಡಿ ಎಂಬ ವಿಜ್ಞಾನಿ ೧೯೭೦ರಿಂದೀಚೆಗೆ ವಿಸ್ತಾರವಾಗಿ ತೋರಿಸಿಕೊಟ್ಟರು. ಕೊಳೆರೋಗದ ವಿಷಯದಲ್ಲಿ ೧೯೧೦ರಲ್ಲಿ ಮೈಸೂರಿನ ಕೋಲ್ಮನ್ ಸಾಹೇಬರು ಬರೆದುದನ್ನು ಹಿರಿಯ ತೋಟಗಾರರು ಬಲ್ಲರು. ರೋಗ ಬರುವುದಕ್ಕೆ ಮುಂಚೆಯೇ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂದು ಇಲಾಖೆಯವರು ಮತ್ತೆ ಮತ್ತೆ ಹೇಳುವುದರ ಅರ್ಥವೂ ಇಷ್ಟೇ: ಕಾಯಿಯ ಹೊದಿಕೆ ದಾಟಿ ಒಳಹೊಕ್ಕ ಬೂಷ್ಟನ್ನು ಹೊರಗಿನ ಮೈಲುತುತ್ತು ಮುಟ್ಟಲಾರದು.

ಇನ್ನು ಪ್ರಯೋಗಶಾಲೆಗಳಿಗೆ ಈ ಆಮ್ಲ ಏಕೆ ಬೇಕು? ಹರಳೆಣ್ಣೆ ಕುಡಿದರೆ ಭೇದಿಯಾಗುವುದನ್ನು ಸಾವಿರಾರು ವರ್ಷಗಳಿಂದ ಜನರು ಬಲ್ಲರು; ಹೇಗೆ ಆಗುವುದೆಂಬುದು ಮಾತ್ರ ಬಹುಕಾಲ ಗೊತ್ತಿರಲಿಲ್ಲ. ೨೦೧೨ರಲ್ಲಿ ಜರ್ಮನಿಯ ಬಾದ್ ನಾಹೈಮಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಇಲಿಗಳ ಮೇಲೆ ಪರೀಕ್ಷೆ ನಡೆಸಿ ಇದನ್ನು ಬಿಡಿಸಿದರು. ಎಣ್ಣೆಯಿಂದ ಕರುಳಿನಲ್ಲಿ ಬಿಡುಗಡೆಯಾಗುವ ರಿಸಿನೋಲಿಕ್ ಆಮ್ಲವು ಕರುಳಿನ ಸ್ನಾಯುವಿನಲ್ಲಿರುವ ಇ.ಪಿ.೩ ಎಂಬ ಒಂದು ಗ್ರಾಹಕಕ್ಕೆ ಬೀಗಕ್ಕೆ ಕೀಲಿಕೈಯಂತೆ ಹೊಂದಿ ಅದನ್ನು ಚಾಲನೆಗೊಳಿಸುವುದೆಂದು ಅವರಿಗೆ ಕಂಡುಬಂತು. ಗರ್ಭಕೋಶದಲ್ಲಿಯೂ ಅದೇ ಗ್ರಾಹಕವಿದೆ. ಗರ್ಭಿಣಿಯರಿಗೆ ಹರಳೆಣ್ಣೆ ಕುಡಿಸಬಾರದೆಂದು ಅಜ್ಜಿಯರು ಹೇಳುತ್ತಿದ್ದುದಕ್ಕೆ ಇದೀಗ ಕಾರಣ ಸಿಕ್ಕಿದಂತಾಯಿತು. ಮನುಷ್ಯನ ಶರೀರವೂ ತನ್ನೊಳಗೆ ಬಗೆಬಗೆಯ ಹೈಡ್ರಾಕ್ಸಿ ಆಮ್ಲಗಳನ್ನು ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸಿಕೊಳ್ಳುತ್ತದೆ. ಉರಿಯೂತ, ಸಕ್ಕರೆರೋಗ ಮೊದಲಾದುವುಗಳಿಗೂ ಅವಕ್ಕೂ ಸಂಬಂಧವೇನೆಂಬ ಶೋಧನೆ ನಡೆಯುತ್ತಿದೆ. ಜೇನುಹುಳುಗಳು ರಾಣಿಯ ಮರಿಗೆ ಉಣಿಸುವ ರಾಜಶಾಹಿ ರಸದಲ್ಲಿಯೂ ೧೦ ಮಣಿಗಳ ಒಂದು ಹೈಡ್ರಾಕ್ಸಿ ಆಮ್ಲವಿದೆ. ಇಂತಹ ಶೋಧನೆಗಳಿಗೆ ಬೇಕಾದುದು ಬೆರಕೆಯಿಲ್ಲದ ವಸ್ತು. ಅದನ್ನು ಬೇರ್ಪಡಿಸಿ, ಪರೀಕ್ಷಿಸಿ, ಗಾಳಿ ಸೋಕದಂತೆ ಮುಚ್ಚಿ, ತಣ್ಣಗಿಟ್ಟು ಕಳುಹಿಸುವವರು ಬೆಲೆ ಕೇಳುವರು. ಆ ಬೆಲೆ ಅವರ ಉಪಕರಣಗಳದು, ಕೈಕೆಲಸದ್ದು. ಬೀಜದ ಬೆಲೆ ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಹೇಗೆಂದರೆ, ಹರಳಿನ ಒಂದು ಬೀಜದ ತೂಕ ಸಾಮಾನ್ಯವಾಗಿ ೦.೩ ಗ್ರಾಮಿನ ಆಸುಪಾಸು. ಅದರಲ್ಲಿ ಸುಮಾರು ಅರ್ಧದಷ್ಟು ಎಣ್ಣೆ; ಆ ಎಣ್ಣೆಯಲ್ಲಿ ಹತ್ತರಲ್ಲಿ ಎಂಟೂವರೆ ಪಾಲಿಗೂ ಮಿಕ್ಕಿ ಈ ಆಮ್ಲ. ಹಾಗಾದರೆ ಒಂದು ಗ್ರಾಂ ಆಮ್ಲಕ್ಕೆ ಎಂಟು ಬೀಜಗಳು ಸಾಕು. ಒಂದು ಪ್ರಯೋಗಶಾಲೆಯ ವರ್ಷದ ಖರ್ಚು ಕೆಲವು ಗ್ರಾಮುಗಳೆಂದಿಟ್ಟುಕೊಂಡರೆ, ಹಟ್ಟಿಯ ಹಿಂದೆ ತಾನಾಗಿ ಹುಟ್ಟಿದ ಒಂದು ಗಿಡದ ಒಂದು ಗೊನೆ ಅದನ್ನು ಪೂರೈಸೀತು. ಈ ಲೆಕ್ಕವನ್ನು ಮಾಡಿದವರು ಯಾರೂ ಪ್ರಯೋಗಶಾಲೆಯ ಹೆಸರು ಹೇಳಿಕೊಂಡು ಎಕರೆಗಟ್ಟಲೆ ಹರಳು ಬಿತ್ತಲಾರರು. ಬೀಜವನ್ನು ಮೊದಲು ತಾವು ಮಾರಿ, ಫಸಲನ್ನು ಆಮೇಲೆ ತಾವೇ ಕೊಳ್ಳುವೆವೆಂದು ಮುಂಗಡ ಕೇಳುವವರು ಬಂದರೆ, ಈ ಎಂಟು ಬೀಜಗಳ ಲೆಕ್ಕವನ್ನು ಅವರ ಮುಂದಿಡುವುದು ಒಳ್ಳೆಯದು.

ಪ್ರಯೋಗಶಾಲೆಯ ಮಾತು ಬಿಟ್ಟು ಕಾರ್ಖಾನೆಗಳ ಬೇಡಿಕೆಯನ್ನು ನೋಡಿದರೆ ಅದು ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಪ್ರಪಂಚದ ಹರಳಿನ ಬಹುಭಾಗ ಬೆಳೆಯುವುದು ಭಾರತದಲ್ಲಿಯೇ. ಭಾರತದಲ್ಲಿ ಬಹುಭಾಗ ಗುಜರಾತಿನಲ್ಲಿ. ಪ್ರಪಂಚದಲ್ಲೇ ಮೊದಲನೆಯದೆಂದು ಹೇಳಲಾಗುವ ಹರಳಿನ ಮಿಶ್ರತಳಿ ಜಿ.ಸಿ.ಎಚ್.೩ ಎಂಬುದು ೧೯೬೮ರಲ್ಲಿ ಹೊರಟದ್ದು ಅಲ್ಲಿಂದಲೇ. ಅಲ್ಲಿ ಮಳೆ ಕಡಿಮೆ. ಗೊನೆ ಬಲಿಯುವ ಕಾಲದಲ್ಲಿ ಗಾಳಿ ಒಣಗಿರುತ್ತದೆ. ಬೇಕಾದಾಗ ನೀರು ಹಾಯಿಸುತ್ತಾರೆ. ಕರ್ನಾಟಕದಲ್ಲಿಯೂ ಹರಳು ಬೆಳೆಯುವುದು ಘಟ್ಟದ ಮೇಲಿನ ಒಣ ಸೀಮೆಗಳಲ್ಲಿ, ರಾಗಿ ಕಡಲೆಕಾಯಿಗಳ ನಡುವಣ ಅಕ್ಕಡಿ ಸಾಲಾಗಿ. ಬಂಟವಾಳ ಬೆಳ್ತಂಗಡಿಗಳ ಸ್ಥಿತಿ ಹೀಗಿಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೪೦೦೦ ಮಿಲಿಮೀಟರು. ಘಟ್ಟದ ಬುಡದಲ್ಲಿ ಇನ್ನೂ ಹೆಚ್ಚು. ನೀರು ನಿಂತರೆ ಹರಳಿನ ಬೇರು ತಾಳಲಾರದು. ಹೂವು ಕಾಯಿಗಳ ಕಾಲದಲ್ಲಿ ಬಿಡದೆ ಮಳೆ ಹಿಡಿದರೆ ಗೊನೆಗೆ ಬೂದುಬಣ್ಣದ ಬೂಷ್ಟು ಹತ್ತಿ, ನೋಡುನೋಡುತ್ತಿರುವಂತೆಯೇ ಹತ್ತಿಯ ಉಂಡೆಯಾಗಿ ಕೊಳೆತುಹೋಗುತ್ತದೆ. ಈ ರೋಗಕ್ಕೆ ಒಣ ಹವೆಗಿಂತ ಮಿಗಿಲಾದ ಔಷಧವಿಲ್ಲ. ಒಣ ಹವೆಯನ್ನು ಆಟಿ ತಿಂಗಳಿನಲ್ಲಿ ಯಾರು ತರಬಲ್ಲರು?

ಮಳೆಗಾಲ ಕಳೆದ ಮೇಲೆ, ಕಾರ್ತಿಯ ಕೊಯ್ಲಾದ ಮಜಲು ಗದ್ದೆಯಲ್ಲಿ ಬಿತ್ತಬಹುದಲ್ಲವೆ ಎಂಬ ಪ್ರಶ್ನೆ ನ್ಯಾಯವಾದುದು. ಬಿತ್ತಬಹುದು, ಗಿಡ ಬರುವುದೂ ಉಂಟು. ಆದರೆ ಆ ಕಾಲ ಉದ್ದು ಹೆಸರುಗಳದು. ಅವು ನೆಲದ ಪಸೆಯಲ್ಲಿಯೇ ಮೂರು ತಿಂಗಳಿಗೆ ಮುಂಚೆಯೇ ಕೈಗೆ ಬಂದು, ಮನೆಗೆ ಧಾನ್ಯವನ್ನೂ ಗದ್ದೆಗೆ ಸಾರಜನಕವನ್ನೂ ಕೊಟ್ಟುಹೋಗುತ್ತವೆ. ಹರಳಿಗೆ ಐದಾರು ತಿಂಗಳು ಬೇಕು. ಮಾರ್ಚಿಯಿಂದಾಚೆಗೆ ನೀರೂ ಬೇಕು. ತೋಟಕ್ಕೇ ನೀರು ಸಾಲದಿರುವ ತಿಂಗಳಿನಲ್ಲಿ ಹರಳಿಗೆ ನೀರು ಹಾಯಿಸುವ ಭೂಮಾಲಿಕನನ್ನು ಜಾಣನೆಂದು ಯಾರೂ ಹೇಳಲಾರರು. ಕೀಟಗಳ ಕಾಟ ಬೇರೆ. ಎಲೆಯನ್ನು ನಾರುಮಾತ್ರ ಉಳಿಸಿ ತಿನ್ನುವ ಕೊಂಡಿಹುಳ, ಕಾಯಿ ಕೊರೆಯುವ ಹುಳ, ಇವೆರಡೂ ಹರಳಿದ್ದಲ್ಲಿ ತಪ್ಪವು. ಹಟ್ಟಿಯ ಬಳಿಯಲ್ಲಿ, ಬೇಲಿಯ ಓರೆಯಲ್ಲಿ, ನೀರು ನಿಲ್ಲದ ಕಡೆ ಐದಾರು ಗಿಡಗಳನ್ನು ಮನೆಯ ಎಣ್ಣೆಗಾಗಿ ಇಟ್ಟುಕೊಳ್ಳುವ ಹಿರಿಯರ ಪದ್ಧತಿಯೇ ಈ ಸೀಮೆಗೆ ಸರಿಯಾದುದೆಂದು ತೋರುತ್ತದೆ.

ಹರಳಿನಿಂದ ಈ ಸೀಮೆಯವರಿಗೆ ನಿಜವಾಗಿ ಸಂಬಂಧ ಬರುವುದು ಹಿಂಡಿಯ ಮೂಲಕ. ಅಡಿಕೆ ತೋಟಕ್ಕೆ ಹರಳಿಂಡಿ ಹಾಕುವ ಪದ್ಧತಿ ಒಳ್ಳೆಯದು. ಹಿಂಡಿಯಲ್ಲಿ ನೂರಕ್ಕೆ ೪ರಿಂದ ೫ ಪಾಲು ಸಾರಜನಕವಿದೆ. ಅಡಿಕೆಮರವೊಂದಕ್ಕೆ ವರ್ಷಕ್ಕೆ ೧೦೦ ಗ್ರಾಂ ಸಾರಜನಕ, ೪೦ ಗ್ರಾಂ ರಂಜಕ, ೧೪೦ ಗ್ರಾಂ ಪೊಟ್ಯಾಷ್ ಬೇಕೆಂಬುದು ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯವರ ಶಿಫಾರಸು. ಆ ಸಂಸ್ಥೆಯ ಅಡಿಕೆ ಸಂಶೋಧನೆ ಬಂಟವಾಳ ತಾಲೂಕಿನ ವಿಟ್ಲದಲ್ಲಿಯೇ ೧೯೫೬ರಿಂದ ನಡೆದುಬಂದಿದೆ. ಒಂದು ಕಿಲೋಗ್ರಾಂ ಹರಳಿಂಡಿಯಿಂದ ಸುಮಾರು ೪೫ ಗ್ರಾಂ ಸಾರಜನಕ ಸಿಕ್ಕೀತು. ಪೊಟ್ಯಾಷ್ ಮಾತ್ರ ಬಹಳ ಕಡಿಮೆ. ಹಿಂಡಿಯೊಂದನ್ನೇ ಹಾಕಿ ಮರಕ್ಕೆ ಹೊಟ್ಟೆ ತುಂಬಿತೆಂದು ತಿಳಿಯುವವರು, ಕಾಯಿ ಉದುರುವುದಕ್ಕೆ ಮಂತ್ರವಾದಿಯನ್ನು ಕರೆಯುವ ಮೊದಲು ಪೊಟ್ಯಾಷಿನ ಲೆಕ್ಕವನ್ನು ನೋಡಲಿ. ಸೊಪ್ಪುಗೊಬ್ಬರ ಹಟ್ಟಿಗೊಬ್ಬರಗಳನ್ನು ಬಿಡಬಾರದೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಆದರೆ ಈ ಹಿಂಡಿಯಲ್ಲಿ ವಿಷವಿದೆ. ೧೮೮೮ರಲ್ಲಿ ಡೋರ್ಪಾಟ್ ಎಂಬಲ್ಲಿ ಸ್ಟಿಲ್‌ಮಾರ್ಕ್ ಎಂಬವರು ಹರಳಿನ ಬೀಜದಿಂದ ಅದನ್ನು ಬೇರ್ಪಡಿಸಿ ರಿಸಿನ್ ಎಂದು ಹೆಸರಿಟ್ಟರು. ಅದು ಎಣ್ಣೆಯಲ್ಲಿ ಕರಗುವುದಿಲ್ಲ. ಆದಕಾರಣ ಎಣ್ಣೆ ನಿರ್ವಿಷವಾಗಿ ಹೊರಬಂದು ವಿಷವೆಲ್ಲ ಹಿಂಡಿಯಲ್ಲಿ ಉಳಿಯುತ್ತದೆ. ಚೆನ್ನಾಗಿ ಬೇಯಿಸಿದರೆ ಅದು ಕೆಡುವುದು ನಿಜ. ಆದರೆ ಗೊಬ್ಬರಕ್ಕೆಂದು ಬರುವ ಚೀಲದ ಹಿಂಡಿ ಎಷ್ಟು ಬೆಂದಿದೆಯೆಂದು ನೋಡಿದ ಮಾತ್ರಕ್ಕೆ ಯಾರಿಗೂ ತಿಳಿಯದು. ನೆಲಗಡಲೆ ಹಿಂಡಿಯ ಚೀಲದ ಪಕ್ಕದಲ್ಲಿ ಹರಳಿಂಡಿಯ ಚೀಲವನ್ನು ಇಟ್ಟು, ಕತ್ತಲಲ್ಲಿ ಆಳು ಇದನ್ನು ಅದೆಂದು ಎಮ್ಮೆಯ ಬಾನಿಗೆ ಸುರಿದರೆ ಬೆಳಗಾಗುವುದರೊಳಗೆ ಹಟ್ಟಿಯಲ್ಲಿ ಅನಾಹುತವಾದೀತು. ಎಲುಬಿನ ಹುಡಿಯೊಡನೆ ಬೆರೆಸಿ ತೋಟಕ್ಕೆ ಹಾಕಿದ ಹಿಂಡಿಯನ್ನು ವಾಸನೆ ಹಿಡಿದು ನಾಯಿಗಳು ಕೆದರಿ ತಿನ್ನುವುದೂ ಉಂಟು. ಹರಳಿಂಡಿಯನ್ನು ಹಟ್ಟಿಯಲ್ಲಿ ಇಡಲೇಬಾರದು. ಬೇರೆ ಕೊಟ್ಟಿಗೆಯಲ್ಲಿ, ಚೀಲಕ್ಕೆ ಕೆಂಪು ಬಣ್ಣದ ಗುರುತು ಹಾಕಿ, ಬೀಗದೊಳಗೆ ಇಡತಕ್ಕದ್ದು. ತೋಟಕ್ಕೆ ಹಾಕಿದ ಕೂಡಲೇ ಮಣ್ಣು ಮುಚ್ಚತಕ್ಕದ್ದು. ಅಂಗಳದಲ್ಲಿ ಆಡುವ ಮಕ್ಕಳಿಗೆ ಹರಳಿನ ಚಿತ್ತಾರದ ಬೀಜ ಬಹಳ ಚೆಲುವಾಗಿ ಕಾಣುವುದು. ಬಾಯಿಗೆ ಹಾಕಿ ಅಗಿಯುವುದರೊಳಗೆ ಕಸಿದುಕೊಳ್ಳಬೇಕು. ಗ್ರಾಮದ ಮುಖ್ಯಸ್ಥರು ಇದೊಂದು ಸಂಗತಿಯನ್ನು ಊರಿನ ಪ್ರತಿಯೊಂದು ಮನೆಗೆ ಮುಟ್ಟಿಸಿದರೂ ಈ ಲೇಖನ ಸಾರ್ಥಕ.

ಇನ್ನು ಕಡಿಯಬೇಕೆಂದು ಹೊರಟಿರುವ ಗೇರಿನ ವಿಷಯ. ಹರಳಿನ ಆಮ್ಲವನ್ನು ಹುಡುಕಿಕೊಂಡು ಹೋಗುವವರು ತಮ್ಮ ಗುಡ್ಡೆಯಲ್ಲಿಯೇ ಅದರ ದಾಯಾದಿಯೊಂದು ಇರುವುದನ್ನು ಕಾಣದಿರುವುದು ಆಶ್ಚರ್ಯ. ಗೇರುಬೀಜದ ಸಿಪ್ಪೆಯಲ್ಲಿ ನೂರಕ್ಕೆ ೨೫ರಿಂದ ೩೦ ಪಾಲಿನಷ್ಟು ಕಪ್ಪಾದ ಎಣ್ಣೆಯಿದೆ. ಕೈಗೆ ತಾಗಿದರೆ ಚರ್ಮ ಸುಡುವ ಈ ಸೊನೆಯ ಮುಖ್ಯ ದ್ರವ್ಯ ಅನಕಾರ್ಡಿಕ್ ಆಮ್ಲ. ಇದರಲ್ಲಿಯೂ ಹೈಡ್ರಾಕ್ಸಿಲ್ ಜೋಡಿ ಇದೆ. ಆದರೆ ಸರದ ಮಣಿಗೆ ಅಂಟಿಕೊಂಡಿಲ್ಲ. ಆರು ಇಂಗಾಲಗಳ ಒಂದು ಬಳೆಗೆ ಅಂಟಿಕೊಂಡಿದ್ದು, ಅದೇ ಬಳೆಗೆ ೧೫ ಮಣಿಗಳ ಉದ್ದನೆಯ ಬಾಲವೂ ಇದೆ. ಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಇದನ್ನು ಬೇರೆ ಪಂಗಡಕ್ಕೆ ಸೇರಿಸುವರು. ಕಾಯಿಸಿದರೆ ಆಮ್ಲಗುಣ ಹೋಗಿ ಕಾರ್ಡನಾಲ್ ಎಂಬುದು ಉಳಿಯುತ್ತದೆ. ವಾಹನಗಳ ಬ್ರೇಕಿನ ಪಟ್ಟಿ, ಬಣ್ಣ, ವಾರ್ನಿಷ್, ರಾಳ ಮೊದಲಾದುವುಗಳ ತಯಾರಿಕೆಯಲ್ಲಿ ಅದಕ್ಕೆ ಉಪಯೋಗವಿದೆ. ಗೇರುಬೀಜದ ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರು ಕೈ ಸುಡದಿರಲೆಂದು ಬೂದಿಯನ್ನೋ ಹರಳೆಣ್ಣೆಯನ್ನೋ ಹಚ್ಚಿಕೊಳ್ಳುವ ರೂಢಿಯಿದೆ. ಒಂದು ಎಣ್ಣೆಯಿಂದ ಇನ್ನೊಂದನ್ನು ತಡೆಯುವ ಈ ಉಪಾಯವನ್ನು ಅವರಿಗೆ ಯಾವ ಪ್ರಯೋಗಶಾಲೆಯೂ ಕಲಿಸಲಿಲ್ಲ.

ಪ್ರಯೋಗಶಾಲೆಯವರಿಗೂ ಈ ಸೊನೆ ಬೇಕಾಗಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಮತ್ತು ಅವರ ಸಹೋದ್ಯೋಗಿಗಳು ೨೦೦೩ರಲ್ಲಿ ಒಂದು ಶೋಧನೆಯನ್ನು ಪ್ರಕಟಿಸಿದರು. ಜೀವಕೋಶದೊಳಗೆ ವಂಶವಾಹಿಗಳನ್ನು ಎಚ್ಚರಿಸುವ ಪಿ.೩೦೦ ಎಂಬ ಕಿಣ್ವದ ಕೆಲಸವನ್ನು ಗೇರುಸಿಪ್ಪೆಯ ಅನಕಾರ್ಡಿಕ್ ಆಮ್ಲ ತಡೆಯುವುದೆಂಬುದು ಅದರ ಸಾರ. ಮರುವರ್ಷವೇ ಪುನರ್ಪುಳಿಯ ಹಣ್ಣಿನ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಎಂಬುದಕ್ಕೂ ಅದೇ ಗುಣವಿದೆಯೆಂದು ಅವರು ತೋರಿಸಿದರು. ಹೀಗೆ ಎರಡೂ ವಸ್ತುಗಳು ಈ ಕರಾವಳಿಯ ಗುಡ್ಡೆಕಾಡುಗಳಲ್ಲಿ ಬೆಳೆಯುವವೇ. ಇದರಿಂದ ನಾಳೆಯೇ ಔಷಧ ಬಂದೀತೆಂದು ಭಾವಿಸಬಾರದು. ಶೀಸೆಯಲ್ಲಿ ಕಂಡ ಗುಣಕ್ಕೂ ರೋಗಿಗೆ ಕೊಡುವ ಮಾತ್ರೆಗೂ ನಡುವೆ ಬಹಳ ದೂರವಿದೆ. ಗೇರುಸಿಪ್ಪೆಯ ಸೊನೆಯನ್ನು ಯಾರೂ ನೆಕ್ಕಿ ನೋಡಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ಕ್ಷೇಮ.

ಗೇರು ಬೆಳೆಯುವವನಿಗೆ ಈ ಸಿಪ್ಪೆಯಿಂದ ಬರುವುದೇನು? ನೇರವಾಗಿ ಏನೂ ಇಲ್ಲ. ಒಂದು ಕಿಲೋಗ್ರಾಂ ಹಸಿಬೀಜದಲ್ಲಿ ತಿರುಳಿನ ಭಾಗ ಕಾಲು ಪಾಲಿಗೆ ಸ್ವಲ್ಪ ಮೇಲು. ಉಳಿದುದರ ಬಹುಭಾಗ ಸಿಪ್ಪೆ. ವ್ಯಾಪಾರಿ ತಿರುಳಿನ ಬೆಲೆಯನ್ನು ಲೆಕ್ಕಹಾಕಿ ಬೀಜಕ್ಕೆ ದರ ಕಟ್ಟುತ್ತಾನೆ. ಸಿಪ್ಪೆಯೂ ಅದರ ಎಣ್ಣೆಯೂ ಕಾರ್ಖಾನೆಯ ಪಾಲು. ಮಂಗಳೂರು, ಮೂಡುಬಿದಿರೆ, ಕಾರ್ಕಳಗಳ ಕಡೆಯ ಕಾರ್ಖಾನೆಗಳಿಗೆ ಆಫ್ರಿಕಾದಿಂದಲೂ ಬೀಜ ಬರುತ್ತಿರುವುದರಿಂದ, ಒಬ್ಬೊಬ್ಬನೇ ಒಂದೆರಡು ಚೀಲ ಹೊತ್ತುಕೊಂಡು ಹೋಗುವ ಬೆಳೆಗಾರನ ಮಾತಿಗೆ ಅಲ್ಲಿ ತೂಕ ಬಾರದು. ಒಗ್ಗೂಡಿ ಮಾರಿದರೆ ಬಂದೀತು. ೧೯೭೦ರ ಬಳಿಕ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ೧೯೭೩ರಲ್ಲಿ ಕ್ಯಾಂಪ್ಕೋ ಹುಟ್ಟಿದುದನ್ನು ಈ ಸೀಮೆಯವರು ಕಣ್ಣಾರೆ ಕಂಡಿದ್ದಾರೆ. ಕೊಕ್ಕೋ ಬೀಜವನ್ನು ಕೊಳ್ಳುವವರಿಲ್ಲದಾದಾಗ ಆ ಸಹಕಾರಿ ಸಂಸ್ಥೆಯೇ ಪುತ್ತೂರಿನಲ್ಲಿ ಚಾಕಲೇಟಿನ ಕಾರ್ಖಾನೆ ಕಟ್ಟಿಸಿತು. ಗೇರಿಗೆ ಅಷ್ಟು ದೊಡ್ಡ ಏರ್ಪಾಡು ತತ್‌ಕ್ಷಣ ಆಗಬೇಕೆಂದಿಲ್ಲ. ಒಂದು ಗ್ರಾಮದ, ಅಥವಾ ಮೂರು ನಾಲ್ಕು ಗ್ರಾಮಗಳ ಬೀಜವನ್ನು ಸೇವಾ ಸಹಕಾರಿ ಸಂಘದ ಗೋದಾಮಿನಲ್ಲಿ ಒಣಗಿಸಿ ಒಟ್ಟುಮಾಡಿ, ದರ ಕಟ್ಟುವಾಗ ಸಿಪ್ಪೆಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಕೇಳುವುದು ಸಾಧ್ಯವಾದ ಕೆಲಸ. ಕಾರ್ಖಾನೆಯವರು ಮೊದಲ ವರ್ಷವೇ ಒಪ್ಪದೆ ಇರಬಹುದು. ಕೇಳದೆ ಇದ್ದರೆ ಎಂದೂ ಒಪ್ಪುವುದಿಲ್ಲ.

ಮರ ಹಳತಾಗಿ ಫಸಲು ಕಡಿಮೆಯಾಗಿದೆಯೆಂಬುದು ಕಡಿಯುವವರ ಇನ್ನೊಂದು ವಾದ. ಹಳೆಯ ಮರಗಳಲ್ಲಿ ಹೆಚ್ಚಿನವು ಬೀಜದಿಂದ ಹುಟ್ಟಿದವು, ಒಂದರಂತೆ ಒಂದಿಲ್ಲ, ಎಂಬುದು ಸತ್ಯವೇ. ಅದಕ್ಕೆ ಪರಿಹಾರ ಕಸಿಗಿಡ. ಪುತ್ತೂರಿನಲ್ಲಿ ೧೯೮೬ರಲ್ಲಿ ಸ್ಥಾಪಿತವಾದ ಗೇರು ಸಂಶೋಧನಾ ಕೇಂದ್ರದಲ್ಲಿಯೂ ಉಳ್ಳಾಲದ ಕೇಂದ್ರದಲ್ಲಿಯೂ ಆರಿಸಿದ ತಳಿಗಳ ಕಸಿಗಳು ಮೂರನೆಯ ವರ್ಷದಿಂದ ಕಾಯಿಬಿಡತೊಡಗುತ್ತವೆ. ವರ್ಷಕ್ಕೆ ಇಷ್ಟೆಂದು, ಗುಡ್ಡೆಯ ಒಂದೊಂದು ಪಟ್ಟಿಯಲ್ಲಿ ಹಳತನ್ನು ತೆಗೆದು ಕಸಿ ನೆಡುತ್ತ ಬಂದರೆ ಆದಾಯವೂ ನಿಲ್ಲದು, ಮಣ್ಣೂ ಉಳಿಯುವುದು. ಮುರಕಲ್ಲಿನ ಮೇಲೆ ಅರ್ಧ ಮೊಳ ಮಣ್ಣಿರುವ ಇಳಿಜಾರಿನಲ್ಲಿ ಮರಗಳನ್ನೆಲ್ಲ ಒಮ್ಮೆಗೇ ಕಿತ್ತು ಉತ್ತು ಹರಳು ಬಿತ್ತಿದರೆ, ಎರಡು ಮಳೆಗಾಲಗಳಲ್ಲಿ ಆ ಮಣ್ಣು ನೇತ್ರಾವತಿಗೆ ಸೇರುವುದು. ಕೆಳಗಿನ ತೋಟದವನ ಕಣಿ ತುಂಬಿ, ಅದರಿಂದ ಹುಟ್ಟುವ ವ್ಯಾಜ್ಯವನ್ನು ತೀರಿಸುವ ಕೆಲಸವೂ ಕೊನೆಗೆ ಊರಿನ ಮುಖ್ಯಸ್ಥರ ಜಗಲಿಗೇ ಬರುವುದು.

ಪ್ರಯೋಗಶಾಲೆಗಳಿಗೆ ನಿಜವಾಗಿ ಅಪರೂಪವಾದ ಹೈಡ್ರಾಕ್ಸಿ ಆಮ್ಲಗಳು ಹರಳಿನಲ್ಲಿಲ್ಲ. 'ಉಪಯೋಗವಿಲ್ಲ' ಎಂದು ಸೌದೆಗೆ ಕಡಿಯುವ ಕಾಡುಮರಗಳಲ್ಲಿವೆ. ರೇಷ್ಮೆಗೆ ಬಣ್ಣ ಹಾಕುವುದಕ್ಕೆ ಹಿಂದೆ ಕಾಯಿಯ ಕೆಂಪು ಹುಡಿಯನ್ನು ಬಳಸುತ್ತಿದ್ದ ಕುಂಕುಮದ ಮರವನ್ನು ಬಹುಮಂದಿ ಬಲ್ಲರು. ಅದರ ಬೀಜದ ಎಣ್ಣೆಯಲ್ಲಿ ಕಮ್ಲೋಲೆನಿಕ್ ಎಂಬ ಆಮ್ಲವಿದೆ. ೧೮ ಮಣಿಗಳ ಸರದಲ್ಲಿ ಕಟ್ಟಕಡೆಯ ಮಣಿಗೆ ಹೈಡ್ರಾಕ್ಸಿಲ್ ತಗುಲಿಕೊಂಡಿರುವುದು ಅದರ ವೈಚಿತ್ರ್ಯ. ತಂಬುಳಿಗೆ ಹೂವನ್ನು ಆರಿಸುವ ಕೊಡಸಿಗದ ಬೀಜದಲ್ಲಿಯೂ ಅದರ ಬಂಧುವಾದ ಬೇಪಾಲೆಯ ಬೀಜದಲ್ಲಿಯೂ ಹರಳಿನ ಆಮ್ಲದ ತಮ್ಮನೆನ್ನಬಹುದಾದ ಐಸೊರಿಸಿನೋಲಿಕ್ ಆಮ್ಲ ಸಿಕ್ಕುವುದು; ಅಲ್ಲಿ ಜೋಡಿ ಕೂತಿರುವುದು ೯ನೆಯ ಮಣಿಯ ಮೇಲೆ. ಇವನ್ನು ಹಣದಾಸೆಯಿಂದ ನೆಡಬೇಕೆಂದು ಹೇಳುವುದಕ್ಕಾಗದು. ಕುಮ್ಕಿಯಲ್ಲಿ ಸೊಪ್ಪಿಗಾಗಿ ಸವರುವಾಗ ಬುಡಸಮೇತ ಕಡಿಯದೆ ಬಿಡಬೇಕೆಂಬುದಷ್ಟೇ ಹೇಳತಕ್ಕ ಮಾತು.

ಇಂತಹ ಬೀಜಗಳನ್ನು ಕೇಳಿಕೊಂಡು ಹೊರಗಿನವರು ಚೀಲ ಹಿಡಿದು ಬರುವುದು ಅಸಂಭವವಲ್ಲ. ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯತಿನಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು. ಊರಿನ ಗಿಡಮರಗಳ, ಅವುಗಳ ಉಪಯೋಗ ಬಲ್ಲವರ ದಾಖಲೆಯನ್ನು ಅದು ಇಡತಕ್ಕದ್ದು. ವ್ಯಾಪಾರಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ವಿಧಿಸುವ ಅಧಿಕಾರವೂ ಅದಕ್ಕುಂಟು. ಊರವರು ತಮ್ಮ ಉಪಯೋಗಕ್ಕೆ ತೆಗೆದುಕೊಳ್ಳುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಸಮಿತಿ ಕಾಗದದ ಮೇಲೆ ಮಾತ್ರ ಇರುವ ಊರುಗಳಲ್ಲಿ ಅದನ್ನು ಸಭೆ ಸೇರಿಸುವ ಭಾರ ಊರಿನ ಹಿರಿಯರ ಮೇಲಿದೆ. ಕುಂಕುಮದ ಮರ ಯಾರ ಗುಡ್ಡೆಯಲ್ಲಿ ಎಷ್ಟಿದೆ, ಪುನರ್ಪುಳಿ ಎಲ್ಲೆಲ್ಲಿದೆ, ಕೊಡಸಿಗ ಎಲ್ಲಿ ಉಳಿದಿದೆ ಎಂಬುದನ್ನು ಬರೆಯಿಸುವುದಕ್ಕೆ ಸೊಪ್ಪು ತರುವ ಹೆಂಗಸರನ್ನೂ ಮುದುಕರನ್ನೂ ಕೇಳಿದರೆ ಎರಡು ದಿನಗಳ ಕೆಲಸ.

ಗೇರುಬೀಜದ ಕೊಯ್ಲು ಫೆಬ್ರವರಿಯ ಕೊನೆಯಿಂದ ಕೈಗೆ ಹತ್ತುವುದು. ಒಟ್ಟಾಗಿ ಮಾರುವ ವಿಚಾರಕ್ಕೂ ಈ ದಾಖಲೆಯ ವಿಚಾರಕ್ಕೂ ಒಂದೇ ಸಭೆ ಸಾಕು. ಅದನ್ನು ಜನವರಿಯೊಳಗೆ, ವ್ಯಾಪಾರಿಗಳ ಮುಂಗಡ ಹಣ ಮನೆಮನೆಗೆ ಮುಟ್ಟುವುದಕ್ಕೆ ಮುಂಚೆಯೇ ಕರೆಯತಕ್ಕದ್ದು.